ಬಿಸಿ ರೊಟ್ಟಿಯ ಸರದಿ

ನಿರುದ್ಯೋಗಿಗೆ ಹೊಟ್ಟೆಯದೊಂದೇ ಚಿಂತೆ ಎನ್ನುವವರು ಒಂದು ದಿನವೂ ನಿರುದ್ಯೋಗಿಯಾಗಿ ಕಳೆದವರಲ್ಲ. ನನಗೆ ಊಟಕ್ಕೆ ಕೊರತೆಯಿರಲಿಲ್ಲ. ಕೊರತೆ ಇದ್ದದ್ದು ಬಿಸಿಗೆ. ಶಿಗ್ಗಾವಿಯ ನಮ್ಮ ಮನೆಯಲ್ಲಿ ಹಂಚಿನಿಂದ ಇಳಿದ ಬಿಸಿ ರೊಟ್ಟಿ ಕಚೇರಿಯಲ್ಲಿ ಕಾರಕೂನನಾಗಿದ್ದ ಅಣ್ಣನ ತಾಟಿಗೆ ಹೋಗುತ್ತಿತ್ತು. ಮುಲ್ಕಿ ಪರೀಕ್ಷೆ ಪಾಸಾಗಿ ಸುಮ್ಮನೆ ಕುಳಿತ ನನಗೆ ಬುಟ್ಟಿಯಲ್ಲಿ ಒಣಗಿದ ಕಟಕ ರೊಟ್ಟಿ. ಅತ್ತಿಗೆ ಕೆಟ್ಟವರಲ್ಲ. "ನಿಮಗೇನ ಅವಸರ ಐತ್ರಿ?" ಎಂದು ನಗುತ್ತಲೇ ಕೇಳುತ್ತಿದ್ದರು. ಆ ಮಾತು ರೊಟ್ಟಿಗಿಂತ ಗಟ್ಟಿಯಾಗಿರುತ್ತಿತ್ತು. ಎದುರು ಸಿಕ್ಕವರು ಏನು ಮಾಡುತ್ತಿದ್ದೀ ಎಂದು ಕೇಳುತ್ತಿದ್ದರು. ಪೇಟೆಯ ದಾರಿ ಬಿಟ್ಟು ಹಿತ್ತಲ ಓಣಿಯಲ್ಲಿ ಓಡಾಡತೊಡಗಿದೆ. ಕನ್ನಡಿ ನೋಡುವುದನ್ನೂ ಬಿಟ್ಟೆ. ಅದೂ ಎಲ್ಲಿ ಅದನ್ನೇ ಕೇಳೀತೋ ಎಂಬ ಭಯ.

ಹೀಗಿರುವಾಗ ಅತ್ತಿಗೆಯ ತಂಗಿಗೆ ರಟ್ಟೀಹಳ್ಳಿಯಲ್ಲಿ ವರ ಗೊತ್ತಾಯಿತು. ಹುಡುಗ ಹುಡುಗಿ ಒಪ್ಪಿದ್ದರೂ, ಮದುವೆ ಯಾರ ಮನೆಯ ಮುಂದೆ ಎಂಬಲ್ಲಿ ಮಾತು ನಿಂತಿತು. ವರನ ಕಡೆಯವರು ತಮ್ಮ ಮನೆಯ ಮುಂದೆಯೇ ಆಗಬೇಕೆಂದರು. ಅತ್ತಿಗೆಯ ತಂದೆ ದುಂಡಸಿಯಲ್ಲಿ ಹಾಸಿಗೆ ಹಿಡಿದಿದ್ದರು. ತಮ್ಮ ಕಣ್ಣೆದುರು ಅಕ್ಕಿಕಾಳು ಬೀಳಲಿ ಎಂಬುದು ಅವರ ಆಸೆ. ಅದನ್ನು ಹೇಳಿ ಒಪ್ಪಿಸಲು ನಾವು ನಾಲ್ಕಾರು ಜನ ವರನ ಮನೆಗೆ ಹೋಗಿ ಕುಳಿತೆವು. ಮಧ್ಯಾಹ್ನಕ್ಕೆ ಅಣ್ಣನಿಗೆ ಕಚೇರಿ ನೆನಪಾಯಿತು, ಹಿರಿಯರಿಗೆ ದನಕರು ನೆನಪಾದವು. ಒಬ್ಬೊಬ್ಬರೇ ಬಸ್ಸು ಹಿಡಿದರು. ನನಗೆ ನೆನಪಾಗಲು ಏನೂ ಇರಲಿಲ್ಲ. ಕಂಬಕ್ಕೊರಗಿ ಕುಳಿತೇ ಇದ್ದೆ.

ಮನೆಗೆ ಬಂದವರು ಏಳುವ ತನಕ ಚಹಾ ಬರಲೇಬೇಕಲ್ಲ. ಯುದ್ಧದ ಕಾಲ, ಸಕ್ಕರೆ ರೇಶನ್ನಿನದು. ಸಕ್ಕರೆ ಮುಗಿದು ಬೆಲ್ಲದ ಚಹಾ ಬಂತು. ಮರುದಿನವೂ ನಾನು ಅದೇ ಕಂಬಕ್ಕೊರಗಿ ಅದೇ ಮಾತನ್ನು ಅಷ್ಟೇ ವಿನಯದಿಂದ ಹೇಳುತ್ತಿದ್ದೆ. ಕೊನೆಗೆ ವರನ ತಂದೆ ರುಮಾಲು ತೆಗೆದು ತಲೆ ಕೆರೆದುಕೊಂಡರು.

"ಇವರು ಏಳೂ ಹಂಗ ಕಾಣೂದಿಲ್ಲ. ದುಂಡಸ್ಯಾಗ ಆಗ್ಲಿ ಬಿಡ್ರಿ."

ದುಡಿಯುವವರೆಲ್ಲ ಸೋತು ಬಂದಲ್ಲಿ ನನ್ನ ಪುರಸೊತ್ತು ಗೆದ್ದಿತ್ತು. ಅವತ್ತು ನಾನು ಪೇಟೆಯ ನಡುವಿನಿಂದಲೇ, ಕಂಡವರನ್ನೆಲ್ಲ ನಾನೇ ಮಾತಾಡಿಸುತ್ತ ಮನೆಗೆ ಬಂದೆ. ಎಷ್ಟೋ ತಿಂಗಳ ಮೇಲೆ ಮನಸ್ಸಿಗೆ ಅಂಥ ಸುಖವಾಗಿತ್ತು. ಸುದ್ದಿ ಕೇಳಿದ ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಮರುದಿನ ಮುಂಜಾನೆ ಅಣ್ಣ ಕೋಟು ತೊಟ್ಟು ಅವಸರದಲ್ಲಿ ಕುಳಿತಿದ್ದರೂ ಮೊದಲ ಉಬ್ಬಿದ ರೊಟ್ಟಿ ನನ್ನ ತಾಟಿಗೆ ಬಂತು. ಅಣ್ಣ ಬುಟ್ಟಿಗೆ ಕೈಹಾಕಿದ. ನಾನು ಗೆದ್ದವನ ಠೀವಿಯಲ್ಲಿ ದೊಡ್ಡ ತುತ್ತು ಮುರಿದು ಬಾಯಿಗಿಟ್ಟೆ. ನಾಲಿಗೆ ಚುರ್ರೆಂದು ಸುಟ್ಟಿತು. ಕಣ್ಣಲ್ಲಿ ನೀರು ಬಂತು.

ಅತ್ತಿಗೆ ನೀರಿನ ಚಂಬು ಮುಂದಿಟ್ಟು ಕೇಳಿದರು: "ನಿಮಗೇನ ಅವಸರ ಇತ್ರಿ?"