ಶರಫಿಯಾದಲ್ಲೊಂದು ಐರಿಷ್ ಕೋರ್ಟು

ನನ್ನ ಸೋದರಮಾವ ಐರ್ಲೆಂಡನ್ನು ಕಣ್ಣಿನಿಂದ ನೋಡಿದವರಲ್ಲ. ಆದರೆ ಆ ದೇಶದ ಪರವಾಗಿ ಬ್ರಿಟಿಷರ ವಿರುದ್ಧ ಇವತ್ತಿಗೂ ಹೋರಾಡುತ್ತಿರುವವರು ಭೂಮಿಯ ಮೇಲೆ ಯಾರಾದರೂ ಉಳಿದಿದ್ದರೆ ಅದು ಅವರೊಬ್ಬರೇ! ಅದೂ ಎಲ್ಲಿಂದ? ಸೌದಿಯ ಜಿದ್ದಾ ನಗರದ ಶರಫಿಯಾದಲ್ಲಿ, ದರ್ಜಿ ಅಂಗಡಿಯ ಮೇಲಿನ ಎರಡು ಕೋಣೆಯ ಮನೆಯಿಂದ. ಐರಿಷರಿಗೆ ಸ್ವಾತಂತ್ರ್ಯ ಸಿಕ್ಕಿ ಎಷ್ಟೋ ಕಾಲವಾಯಿತು ಎಂದು ಅವರಿಗೆ ನೆನಪಿಸುವ ಧೈರ್ಯ ನಮ್ಮ ಕುಟುಂಬದಲ್ಲಿ ಯಾರಿಗೂ ಇಲ್ಲ.

ಈ ಹುಚ್ಚು ಹಿಡಿದದ್ದು ಅಲ್ ಖರ್ಜ್‌ನ ಒಂದು ಹಾಲಿನ ಫಾರ್ಮಿನಲ್ಲಿ. ಮಾಮ ಅಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದಾಗ ದನದ ಡಾಕ್ಟರಾಗಿದ್ದವನು ಒಬ್ಬ ವಯಸ್ಸಾದ ಐರಿಷ್ ಮನುಷ್ಯ. ಅವನ ಅಜ್ಜಿ ಹೋರಾಟದ ಕಾಲದಲ್ಲಿ ನ್ಯಾಯಾಧೀಶೆಯಾಗಿದ್ದಳಂತೆ. ಬ್ರಿಟಿಷರ ಕೋರ್ಟಿನಲ್ಲಲ್ಲ, ಜನರೇ ಕಟ್ಟಿಕೊಂಡ ಕೋರ್ಟಿನಲ್ಲಿ! ಆಗ ಅಲ್ಲಿನ ಜನ ಸರ್ಕಾರಿ ಕೋರ್ಟಿನ ಮೆಟ್ಟಿಲು ಹತ್ತುವುದನ್ನೇ ಬಿಟ್ಟು, ದನದ ಕೊಟ್ಟಿಗೆಯಲ್ಲೋ ಯಾರದೋ ಮನೆಯಲ್ಲೋ ಗುಟ್ಟಾಗಿ ಸೇರಿ, ಊರಿನ ಮೂವರನ್ನು ಕೂರಿಸಿ ತಮ್ಮ ಜಗಳ ತಾವೇ ತೀರಿಸಿಕೊಳ್ಳುತ್ತಿದ್ದರು. ಇದನ್ನು ಕೇಳಿದ ಮೇಲೆ ಮಾಮ ಸುಮ್ಮನಿರುತ್ತಾರೆಯೇ? ಜಿದ್ದಾಕ್ಕೆ ಬಂದವರೇ ಕೋರ್ಟು ತೆರೆದರು.

“ಮಾಮಾ, ಕೋರ್ಟು ಗೀರ್ಟು ಅಂತ ಜೋರಾಗಿ ಹೇಳ್ಬೇಡಿ. ಇಲ್ಲಿರ್ಲಿಕ್ಕೆ ಕೊಟ್ಟ ಇಕಾಮಾ ಕಿತ್ಕೊಂಡು ಊರಿಗೆ ಕಳಿಸ್ಯಾರು!” ಎಂದು ನನ್ನ ಗಂಡ ಅಂಗಲಾಚಿದರು.

“ಅವರೂ ಹೀಗೇ ಹೆದರಿ ಹೆದರಿ ಮಾಡಿದ್ದು ಮಾರಾಯ!” ಎಂದ ಮಾಮನಿಗೆ ಇನ್ನಷ್ಟು ಹುಮ್ಮಸ್ಸು ಬಂತು. ಕೊನೆಗೆ ಕೋರ್ಟಿಗೆ ‘ಶುಕ್ರವಾರದ ಚಾ’ ಎಂದು ಹೆಸರಿಟ್ಟೆವು. ನ್ಯಾಯಾಧೀಶರು ಮೂವರು: ಮಾಮ, ಭಟ್ಕಳದ ಒಬ್ಬ ಅತ್ತರು ವ್ಯಾಪಾರಿ, ಮತ್ತು ನಾನು. ವ್ಯಾಪಾರಿಗಳು ಬಿರಿಯಾನಿ ಉಂಡು ಬಂದು ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದುದರಿಂದ ಅವರ ಮತ ಯಾವತ್ತೂ ಮಾಮನಿಗೇ ಬೀಳುತ್ತಿತ್ತು. ನನ್ನನ್ನು ಯಾಕೆ ಕೂರಿಸಿದಿರಿ ಎಂದು ಕೇಳಿದ್ದಕ್ಕೆ, “ಅಲ್ಲಿ ಹೆಂಗಸರೂ ಕೂತಿದ್ರು. ನಾವೆಂತ ಅವರಿಗಿಂತ ಹಿಂದೆಯಾ?” ಎಂದರು. ನಾನು ಉಬ್ಬಿಹೋದೆ!

ಮೊದಲ ಮೊಕದ್ದಮೆ ಒಣಮೀನಿನದು. ಒಂದೇ ಕೋಣೆಯಲ್ಲಿದ್ದ ಇಬ್ಬರು ದರ್ಜಿಗಳಲ್ಲಿ ಒಬ್ಬ ಒಣಮೀನು ಹುರಿಯುತ್ತಾನೆ, ಇನ್ನೊಬ್ಬನಿಗೆ ಅದರ ವಾಸನೆ ಆಗದು. ಹುರಿದವನು ತಪ್ಪಿತಸ್ಥನೆಂದು ತೀರ್ಮಾನವಾಯಿತು. “ದ್ವೀಪಕ್ಕೆ ಗಡೀಪಾರು!” ಎಂದರು ಮಾಮ. ನಾವು ಕಂಗಾಲು. ಆಗ ಅವರು ಹೇಳಿದ ಕಥೆ ಇದು: ಐರಿಷರ ಕೋರ್ಟಿಗೆ ಜೈಲು ಇರಲಿಲ್ಲ. ಒಮ್ಮೆ ತಪ್ಪು ಮಾಡಿದವರನ್ನು ದೋಣಿ ಹತ್ತಿಸಿ ಒಂದು ದ್ವೀಪದಲ್ಲಿ ಬಿಟ್ಟು ಬಂದರಂತೆ. ಬ್ರಿಟಿಷ್ ಪೊಲೀಸರು ಬಿಡಿಸಲು ಹೋದರೆ, ಕೈದಿಗಳೇ “ನಾವು ಬರುವುದಿಲ್ಲ, ನಾವು ನಮ್ಮ ಗಣರಾಜ್ಯದ ಕೈದಿಗಳು” ಎಂದು ಓಡಿಸಿದರಂತೆ!

ನಮ್ಮ ದ್ವೀಪವೆಂದರೆ ಮಾಮನ ಅಡುಗೆಮನೆ. ಕೈದಿ ಅಲ್ಲಿ ಶುಕ್ರವಾರ ಎಲ್ಲರಿಗೂ ಅಡುಗೆ ಮಾಡಬೇಕು. ಬಾಗಿಲಿಗೆ ಚಿಲಕವಿಲ್ಲ, ಕಾವಲಿಲ್ಲ. ದರ್ಜಿ ಮರು ಶುಕ್ರವಾರ ಬಂದು ಹುರಿದದ್ದೇನು ಅಂತೀರಿ? ಅದೇ ಒಣಮೀನು! ದೂರು ಕೊಟ್ಟವನೇ ಎರಡು ಸಲ ಹಾಕಿಸಿಕೊಂಡು ತಿಂದ.

ಹೀಗೆ ನಗುತ್ತಾ ತೀರ್ಪು ಕೊಡುತ್ತಿದ್ದ ನನಗೂ ಒಂದು ದಿನ ಕಾದಿತ್ತು. ಆ ಶುಕ್ರವಾರ ಹೋಗಿ ನೋಡುತ್ತೇನೆ, ನನ್ನ ಕುರ್ಚಿಯಲ್ಲಿ ಒಣಮೀನಿನ ದರ್ಜಿ ಕೂತಿದ್ದಾನೆ! ಎದುರಿಗೆ ಗೋಡೆ ನೋಡುತ್ತಾ ನನ್ನ ತಂಗಿ.

“ಇವತ್ತು ನೀನು ಜಡ್ಜ್ ಅಲ್ಲ ಮಗಳೇ, ಆರೋಪಿ” ಎಂದರು ಮಾಮ.

ವಿಷಯ ಇಷ್ಟೇ. ಪುತ್ತೂರಿನಿಂದ ಉಮ್ಮ ನಮ್ಮನ್ನು ನೋಡಲು ಬರುವುದೆಂದು ಮಾತಾಗಿತ್ತು. ಹಿರಿಯ ಮಗಳು ನಾನಿರುವಾಗ ನನ್ನನ್ನು ಒಂದು ಮಾತೂ ಕೇಳದೆ ತಂಗಿ ತನ್ನ ಗಂಡನ ಕಡೆಯಿಂದ ವೀಸಾ ಮಾಡಿಸಿಬಿಟ್ಟಳು. ಉಮ್ಮ ಉಳಿಯುವುದು ಯಾರ ಮನೆಯಲ್ಲಿ? ಅವಳ ಮನೆಯಲ್ಲಂತೆ! ಅಲ್ಲಿಂದ ನಮ್ಮ ಮಾತು ನಿಂತಿತು. ಹಿಂದುಮುಂದಿನ ಬೀದಿಯಲ್ಲಿದ್ದರೂ ತರಕಾರಿ ಅಂಗಡಿಯಲ್ಲಿ ಅವಳು ಈರುಳ್ಳಿಯ ಕಡೆ ಹೋದರೆ ನಾನು ಕೊತ್ತಂಬರಿಯ ಕಡೆ. ಉಮ್ಮನ ಪ್ರಯಾಣ ಮಾತ್ರ ಯಾಕೋ ಮುಂದೆ ಮುಂದೆ ಹೋಗುತ್ತಲೇ ಇತ್ತು.

“ದೂರು ಕೊಟ್ಟವರು ಯಾರು? ದೂರಿಲ್ಲದೆ ಕೇಸಿಲ್ಲ, ನೀವೇ ಮಾಡಿದ ಕಾನೂನು!” ಎಂದು ನಾನು ವಾದಿಸಿದೆ.

“ದೂರು ಉಂಟು. ಹೆಸರು ಹೇಳ್ಲಿಕ್ಕಿಲ್ಲ.”

ನಾನು ನನ್ನ ಗಂಡನನ್ನು ದುರುಗುಟ್ಟಿ ನೋಡಿದೆ, ತಂಗಿ ಅವಳ ಗಂಡನನ್ನು. ತೀರ್ಪು ಬಂತು: ಉಮ್ಮ ಬರುವವರೆಗೆ ಪ್ರತಿ ಶುಕ್ರವಾರ ಇಬ್ಬರೂ ದ್ವೀಪದಲ್ಲಿ ಅಕ್ಕಿರೊಟ್ಟಿ ಮಾಡಬೇಕು. ಒಬ್ಬಳು ತಟ್ಟುವುದು, ಇನ್ನೊಬ್ಬಳು ಬೇಯಿಸುವುದು. ನಿದ್ದೆಯಲ್ಲಿದ್ದ ಅತ್ತರು ವ್ಯಾಪಾರಿಗಳು ಎಂದಿನಂತೆ ಒಪ್ಪಿದರು!

ಮೊದಲ ಶುಕ್ರವಾರ ನಾನು ಕಾವಲಿಯ ಹತ್ತಿರ ಮಾತಾಡಿದೆ: “ಕಾವಲಿಯೇ, ರೊಟ್ಟಿ ದಪ್ಪ ಆಯ್ತು ಅಂತ ಹೇಳು.” ಅವಳು ಹಿಟ್ಟಿಗೆ ಹೇಳಿದಳು: “ಹಿಟ್ಟೇ, ಬೆಂಕಿ ಜಾಸ್ತಿ ಆಗಿದೆ ಅಂತ ಹೇಳು.” ಮುಂದಿನ ವಾರ ನನ್ನ ಬೆರಳಿಗೆ ಬಿಸಿ ತಾಗಿತು. “ಅಯ್ಯೋ ಮಾರಾಯ್ತಿ, ಸಣ್ಣದಿರುವಾಗಲೂ ಹೀಗೇ ಸುಟ್ಕೊಳ್ತಿದ್ದದ್ದು ನೀನು!” ಎಂದು ತಂಗಿ ನನ್ನ ಕೈಯನ್ನು ನಲ್ಲಿಯ ಕೆಳಗೆ ಹಿಡಿದಳು. ಬೇಸಿಗೆಯ ಜಿದ್ದಾದಲ್ಲಿ ನಲ್ಲಿಯ ನೀರೂ ಬಿಸಿಯೇ! ಇಬ್ಬರಿಗೂ ನಗು ಬಂತು, ಆಮೇಲೆ ಅಳು ಬಂತು. ಅಷ್ಟರಲ್ಲಿ ನನ್ನ ಗಂಡ ಇಣುಕಿ, “ಯಲ್ಲಾ, ಸಾಕು ಬಾ, ಮನೆಗೆ ಹೋಗುವ. ಮಾಮ ಹೊರಗೆ ಹೋಗಿದ್ದಾರೆ” ಎಂದರು.

“ನಾನು ಬರುದಿಲ್ಲ. ನಾನು ಮಾಮನ ಕೋರ್ಟಿನ ಕೈದಿ!” ಎಂದೆ. ಗಂಡ ಬ್ರಿಟಿಷ್ ಪೊಲೀಸರ ಹಾಗೆ ಪೆಚ್ಚುಮೋರೆ ಹಾಕಿಕೊಂಡು ವಾಪಸು ಹೋದರು.

ಅದರ ನಂತರ ಆಶ್ಚರ್ಯವೆಂಬಂತೆ ಉಮ್ಮನ ಟಿಕೆಟ್ ಕೂಡಲೇ ಆಯಿತು. ವಿಮಾನ ನಿಲ್ದಾಣಕ್ಕೆ ನಾನು, ತಂಗಿ, ಮಾಮ ಮೂವರೂ ಹೋದೆವು. ಗಾಲಿಕುರ್ಚಿಯಲ್ಲಿ ಬಂದ ಉಮ್ಮ ನಮ್ಮಿಬ್ಬರನ್ನು ನೋಡಿದಳು, ನಾವು ಹಿಡಿದುಕೊಂಡಿದ್ದ ಕೈಗಳನ್ನು ನೋಡಿದಳು. ಮಾತಾಡಿದ್ದು ಮಾತ್ರ ನಮ್ಮ ಹಿಂದೆ ನಿಂತಿದ್ದ ತನ್ನ ತಮ್ಮನ ಹತ್ತಿರ.

“ನನ್ನ ಕೇಸು ಮುಗೀತಾ?”

ಐರ್ಲೆಂಡಿನ ಬಗ್ಗೆ ಗಂಟೆಗಟ್ಟಲೆ ಭಾಷಣ ಬಿಗಿಯುವ ನನ್ನ ಮಾಮ ಬರೀ ತಲೆಯಾಡಿಸಿದರು. ಅಕ್ಕನ ಚೀಲ ಹೆಗಲಿಗೇರಿಸಿಕೊಂಡರು. ಉಮ್ಮ ಯಾರ ಮನೆಗೆ ಹೋಗಬೇಕೆಂದು ನಾವಿಬ್ಬರೂ ಕೇಳಲಿಲ್ಲ. ಆ ಮುದಿ ದನದ ಡಾಕ್ಟರಿಗೂ ಅವನ ಅಜ್ಜಿಗೂ ಮನಸ್ಸಿನಲ್ಲೇ ಸಲಾಂ ಹೇಳುತ್ತಾ, ನಾವು ಮಾಮನ ಹಿಂದೆ ಹೊರಟೆವು.