ಸಕ್ಕರೆ ಗಿಳಿಯೂ ಸನ್ಮಾನದ ಶಾಲೂ

ಅನಂತರಾಜುವಿನ ತಲೆ ಕೆಟ್ಟಿದ್ದು ಒಂದು ಶಾಲಿನಿಂದ. ಅದೂ ಇನ್ನೂ ಅಂಗಡಿಯ ಕವರಿನಿಂದಲೇ ಹೊರಗೆ ಬಾರದ ಶಾಲು.

ಸಂಕ್ರಾಂತಿಯ ಹಿಂದಿನ ದಿನ ಅವನು ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಯಿಂದ ಚನ್ನಪಟ್ಟಣದ ತನ್ನ ಮನೆಗೆ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ. ಒಳಗೆ ನಡುಮನೆಯಲ್ಲಿ ಬೀದಿಯ ಮಹಿಳಾ ಸಂಘದ ಅಧ್ಯಕ್ಷೆ ಕಾವೇರಮ್ಮ ಕೂತು, ಅವನ ಹೆಂಡತಿ ಸೌಮ್ಯಳ ಕೈ ಹಿಡಿದುಕೊಂಡು ಹೊಗಳುತ್ತಿದ್ದಳು. ವರ್ಷವರ್ಷವೂ ಎಳ್ಳು ಬೀರುವಾಗ ಸೌಮ್ಯ ಕೊಡುವಂಥ ಸಕ್ಕರೆ ಅಚ್ಚು ಈ ಬೀದಿಯಲ್ಲಿರಲಿ, ತಾಲ್ಲೂಕಿನಲ್ಲೇ ಇಲ್ಲವಂತೆ. ಗಿಳಿಯ ಕೊಕ್ಕು, ಆನೆಯ ದಂತ, ತುಳಸಿಕಟ್ಟೆಯ ಮೆಟ್ಟಿಲು, ಒಂದೊಂದೂ ಕಣ್ಣಿಗೆ ಕಟ್ಟಿದ ಹಾಗಿರುತ್ತವಂತೆ. ಅದಕ್ಕೇ ಇವತ್ತು ಸಾಯಂಕಾಲ ರಾಮಮಂದಿರದ ಅಂಗಳದಲ್ಲಿ ಅವಳಿಗೆ ಸಂಘದಿಂದ ಶಾಲು ಹೊದಿಸಿ ಸನ್ಮಾನ. ಹಬ್ಬದ ದಿನ ಯಾರಿಗೂ ಪುರುಸೊತ್ತಿರುವುದಿಲ್ಲ ಎಂದು ಒಂದು ದಿನ ಮುಂಚೆಯೇ ಇಟ್ಟುಕೊಂಡಿದ್ದರು.

“ಅಯ್ಯೋ, ನಂಗ್ಯಾಕಕ್ಕಾ ಇವೆಲ್ಲಾ,” ಎಂದಳು ಸೌಮ್ಯ.

ಹಾಗೆಂದಳೇ ಹೊರತು ಬೇಡ ಎನ್ನಲಿಲ್ಲ. ಬಾಗಿಲಲ್ಲಿ ಒಂದು ಚಪ್ಪಲಿ ಕಾಲಲ್ಲಿ, ಒಂದು ಕೈಯಲ್ಲಿ ಹಿಡಿದು ನಿಂತಿದ್ದ ಅನಂತರಾಜು, ಈಗ ಹೇಳುತ್ತಾಳೆ, ಇನ್ನೇನು ಹೇಳುತ್ತಾಳೆ ಎಂದು ಕಾದ. ಅವಳು ಕಾವೇರಮ್ಮನಿಗೆ ಕಾಫಿ ತರಲು ಎದ್ದು ಅಡುಗೆಮನೆಗೆ ಹೋದಳು.

ಹೇಳಬೇಕಾಗಿದ್ದ ಮಾತು ಇಷ್ಟೇ. ಆ ಅಚ್ಚುಗಳನ್ನು ಮಾಡುತ್ತಿದ್ದವನು ಅನಂತರಾಜು.

ನಗಬೇಡಿ. ಅವನು ಮಾಡುತ್ತಿದ್ದ ಕೆಲಸವೇ ಅಂಥದ್ದು. ನೂಲು ತೆಗೆಯುವವರ ಪರವಾಗಿ ಮಾರುಕಟ್ಟೆಯಲ್ಲಿ ರೇಷ್ಮೆ ಗೂಡು ನೋಡಿ ಕೊಳ್ಳುವುದು. ಒಂದು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಅದರ ಜಾತಕವನ್ನೇ ಹೇಳಿಬಿಡುತ್ತಿದ್ದ. ಮದುವೆಯಾದ ವರ್ಷ ಸಂಕ್ರಾಂತಿಗೆ ಸೌಮ್ಯ ಒಲೆಯ ಮುಂದೆ ಸಕ್ಕರೆ ಪಾಕ ಇಟ್ಟುಕೊಂಡು ಕೂತಿದ್ದಾಗ ಅವನು ಬಗ್ಗಿ ನೋಡಿದ. ಪಾಕದಲ್ಲಿ ಎಳೆ. ಎಳೆಯೆಂದರೆ ತನ್ನ ಇಲಾಖೆಯೇ ತಾನೆ? ದಿನವೂ ರೇಷ್ಮೆಯ ಎಳೆ ನೋಡುವವನಿಗೆ ಸಕ್ಕರೆಯ ಎಳೆ ಯಾವ ಮಹಾ ಎಂದು ಸೌಟು ಕಿತ್ತುಕೊಂಡ. ಅಂದಿನಿಂದ ಇಂದಿನವರೆಗೆ ಆ ಸೌಟು ಅವನ ಕೈಯಲ್ಲೇ ಇದೆ.

ಅವನದೇ ಒಂದು ಪದ್ಧತಿಯೂ ಇತ್ತು. ಪಾಕದ ಎಳೆ ರೇಷ್ಮೆಯಂತೆ ತುಂಡಾಗದೆ ಉದ್ದಕ್ಕೆ ಬರಬೇಕು. ಅದಕ್ಕೆ ನಾಲ್ಕು ಹನಿ ನಿಂಬೆರಸ. ಮರದ ಅಚ್ಚಿಗೆ ಹುಯ್ದು ಬಿಚ್ಚಿದಾಗ ಗಿಳಿ, ಆನೆಗಳು ಕೊಂಚ ಬೆವರಿ ಮೆತ್ತಗೇ ಇರುತ್ತಿದ್ದವು. ಇರಲಿ. ರೇಷ್ಮೆ ಹುಳುವನ್ನು ಚಂದ್ರಿಕೆಯ ಬಿದಿರು ತಟ್ಟಿಗೆ ಬಿಟ್ಟ ಮೇಲೆ ಗೂಡು ಕಟ್ಟುವವರೆಗೆ ಯಾರಾದರೂ ಮುಟ್ಟುತ್ತಾರೆಯೇ? ಹಾಗೆಯೇ ಅವನ್ನು ತಟ್ಟೆಯಲ್ಲಿ ಜೋಡಿಸಿ ಬಿಳಿ ಬಟ್ಟೆ ಮುಚ್ಚಿ, ಬೆಳಗಾಗುವವರೆಗೆ ಯಾರೂ ಇಣುಕಬಾರದೆಂದು ಕಟ್ಟಪ್ಪಣೆ ಮಾಡಿ, ತಾನೂ ಇಣುಕದೆ ಮಲಗುತ್ತಿದ್ದ. ಬೆಳಿಗ್ಗೆ ಬಟ್ಟೆ ತೆಗೆದರೆ ಅಚ್ಚುಗಳು ಗಟ್ಟಿಯಾಗಿ, ಹಾಲಿನಂತೆ ಬೆಳ್ಳಗೆ, ಉಗುರಲ್ಲಿ ತಟ್ಟಿದರೆ ಟಿಣ್ ಎನ್ನುತ್ತಿದ್ದವು. ಆಗ ಅವನ ಮುಖ ನೋಡಬೇಕಿತ್ತು. ಚೊಚ್ಚಲ ಮಗ ಹುಟ್ಟಿದವರೂ ಅಷ್ಟು ಹಿಗ್ಗುವುದಿಲ್ಲ.

ಆದರೆ ಇದು ಯಾರಿಗೂ ಗೊತ್ತಾಗಬಾರದು ಎಂದವನೂ ಅವನೇ. ಗಂಡಸು ಕೂತು ಸಕ್ಕರೆ ಗಿಳಿ ಮಾಡುತ್ತಾನೆಂದು ಮಾರುಕಟ್ಟೆಯವರಿಗೆ ತಿಳಿದರೆ ರವಿಕೆಯ ಅಳತೆ ಕೇಳುತ್ತಾರೆ. ಹಾಗಾಗಿ ಹೆಸರೆಲ್ಲ ಸೌಮ್ಯಳಿಗೆ ಹೋಯಿತು. ಹೋಗಲಿ ಬಿಡು ಎಂದುಕೊಂಡಿದ್ದ. ಹೆಸರು ಹೋದರೆ ಸಹಿಸಬಹುದು, ಶಾಲು ಹೋದರೆ ಹೇಗೆ? ಅವನ ಹೆಗಲಿಗೆ ಇದುವರೆಗೆ ಗೂಡಿನ ಚೀಲ ಬಿಟ್ಟರೆ ಬೇರೇನೂ ಬಿದ್ದಿರಲಿಲ್ಲ. ಒಂದೇ ಒಂದು ಸಲ ನಾಲ್ಕು ಜನರೆದುರು ಶಾಲು ಹೊದ್ದು ಕೂರಬೇಕೆಂಬ ಆಸೆ ಅವನಿಗೆ ಎಷ್ಟು ಇತ್ತೆಂಬುದು ಅವನಿಗೇ ಆವತ್ತು ಗೊತ್ತಾಯಿತು.

ಕಾಫಿ ಕುಡಿಯದೆ ಹೊರಟವನು ನೇರವಾಗಿ ಗೆಳೆಯ ಮುಕ್ತಿಯಾರನ ಬೊಂಬೆ ಕಾರ್ಖಾನೆಗೆ ಹೋದ. ಕಾರ್ಖಾನೆಯೆಂದರೆ ಒಂದು ಶೀಟಿನ ಮನೆ, ಎರಡು ಲೇತು, ಮೊಣಕಾಲುದ್ದ ಮರದ ಹೊಟ್ಟು. ಮುಕ್ತಿಯಾರ್ ಬುಗುರಿಗೆ ಅರಗಿನ ಬಣ್ಣ ಹಚ್ಚುತ್ತಿದ್ದ. ಅನಂತರಾಜು ಬಾಗಿಲು ಮುಂದೆ ಮಾಡಿ, ಇದುವರೆಗೆ ಯಾರಿಗೂ ಹೇಳದಿದ್ದ ಗುಟ್ಟನ್ನು ಅವನ ಕಿವಿಗೆ ಹಾಕಿದ. ಮುಕ್ತಿಯಾರ್ ಲೇತು ನಿಲ್ಲಿಸಿ ನಕ್ಕ. ಕಣ್ಣೊರೆಸಿಕೊಂಡು ಇನ್ನೊಂದು ಸಲ ನಕ್ಕ. ಆಮೇಲೆ ಸ್ನೇಹಿತನ ಮುಖ ನೋಡಿ ಪಾಪ ಅನ್ನಿಸಿತು.

“ಅಲ್ಲ ಕಣ್ಲಾ, ನೀನು ಮಾಡಿದ್ದು ನೀನು ಕೇಳಾಕೆ ನಾಚ್ಕೆ ಏನು? ಶಾಲು ಹಾಕೋಕ್ ಮುಂಚೆ ಹೋಗಿ ಹೇಳ್ಬುಡು. ಹಾಕಿದ್ಮೇಲೆ ಹೇಳಿದ್ರೆ ಕಿತ್ಕೊಳ್ಳಾಕ್ ಬಂದೌನೆ ಅಂತಾರೆ,” ಎಂದ.

ಬುದ್ಧಿವಾದವೇನೋ ಸರಿಯಾಗಿತ್ತು. ಆದರೆ ಮುಕ್ತಿಯಾರನ ಹೊಟ್ಟೆಯಲ್ಲಿ ಊಟ ನಿಲ್ಲುತ್ತಿತ್ತೇ ಹೊರತು ಮಾತು ನಿಲ್ಲುತ್ತಿರಲಿಲ್ಲ. ಅನಂತರಾಜು ಯೋಚನೆ ಮಾಡುತ್ತ ಸುತ್ತುದಾರಿಯಲ್ಲಿ ಮನೆಗೆ ಬರುವಷ್ಟರಲ್ಲಿ ಸುದ್ದಿ ಅವನಿಗಿಂತ ಮುಂದೆ ಬಂದು ಬೀದಿಯ ತುಂಬ ಕೂತಿತ್ತು. ಕೊಬ್ಬರಿ ಹೆಚ್ಚುತ್ತಿದ್ದ ಹೆಂಗಸರು ಅವನನ್ನು ಕಂಡು ಸೆರಗು ಬಾಯಿಗೆ ಇಟ್ಟುಕೊಂಡರು. ಕಟ್ಟಿಕೊಂಡ ಹೆಂಡತಿಯ ಮೇಲೇ ಇಷ್ಟು ಹೊಟ್ಟೆಕಿಚ್ಚಾದರೆ ಇನ್ನು ದಾಯಾದಿಗಳ ಮೇಲೆ ಎಷ್ಟಿರಬೇಡ ಎಂದು ಒಬ್ಬಳು ಅವನಿಗೆ ಕೇಳುವ ಹಾಗೇ ಹೇಳಿದಳು. ಟೀ ಅಂಗಡಿಯ ಬೆಂಚಿನ ಮೇಲೆ ಬೆಳಿಗ್ಗೆಯಿಂದ ರಾತ್ರಿಯವರೆಗೆ ಕೂತಿರುವ ಮಂಚಯ್ಯನೆಂಬ ಮುದುಕ ಕೈಸನ್ನೆ ಮಾಡಿ ಕರೆದ.

“ಏನ್ಲಾ ಅನಂತ, ಎಂಡ್ರು ಶಾಲಿಗೆ ಕಣ್ಣಾಕಿದ್ದೀಯಂತೆ?”

ಇಷ್ಟು ಹೊತ್ತೂ ಹೇಳಲೋ ಬೇಡವೋ ಎಂದು ಒದ್ದಾಡುತ್ತಿದ್ದವನಿಗೆ ಈ ಮಾತು ನೆತ್ತಿಗೇರಿತು. ಅಲ್ಲೇ ಬೀದಿಯ ನಡುವೆ ನಿಂತು, ಮಾಡಿದವನು ನಾನು, ನಾನು, ನಾನು ಎಂದು ಕೂಗಿ ಹೇಳಿದ. ಕಾವೇರಮ್ಮ ಹೊರಗೆ ಬಂದಳು. ಅವಳು ನ್ಯಾಯವಂತೆ. ಯಾರ ಮಾತೂ ಬೇಡ, ಎಲ್ಲರೆದುರಿಗೆ ಮಾಡಿ ತೋರಿಸಲಿ, ಯಾರ ಕೈಯಲ್ಲಿ ಅಚ್ಚು ಬರುತ್ತದೋ ಅವರ ಹೆಗಲಿಗೆ ಶಾಲು ಎಂದು ತೀರ್ಪು ಕೊಟ್ಟಳು. ಒಲೆ, ಸಿಲಿಂಡರು, ಸಕ್ಕರೆ, ಹಾಲು ಎಲ್ಲ ಸಂಘದ್ದೇ.

ಮನೆಯಲ್ಲಿ ಸೌಮ್ಯ ಸಪ್ಪಗೆ ಕೂತಿದ್ದಳು. ಬೆಳಿಗ್ಗೆ ನೀರಲ್ಲಿ ನೆನೆಹಾಕಿದ್ದ ಮರದ ಅಚ್ಚುಗಳನ್ನು ಅವನು ಚೀಲಕ್ಕೆ ತುಂಬುವಾಗ ಚೀಲದ ಬಾಯಿ ಹಿಡಿದುಕೊಂಡಳು.

“ಬ್ಯಾಡ ಕಣ್ರೀ. ನನ್ನ ಮಾತು ಒಸಿ ಕೇಳಿ. ಶಾಲು ಬೇಕಾದ್ರೆ ಮನೇಗ್ ತಂದು ನಿಮ್ಗೇ ಹೊದಿಸ್ತೀನಿ,” ಎಂದಳು.

ಅನಂತರಾಜುವಿಗೆ ನಿಜವಾಗಿ ನೋವಾಯಿತು. ಇಷ್ಟು ವರ್ಷ ಒಟ್ಟಿಗಿದ್ದವಳು ಒಂದು ಶಾಲಿಗಾಗಿ ಹೀಗೆ ಅಡ್ಡಗಟ್ಟುತ್ತಾಳಲ್ಲ ಎಂದು ಅವಳ ಕೈ ಬಿಡಿಸಿಕೊಂಡು ಹೊರಟ. ಅವಳು ದಾರಿಯಲ್ಲಿ ಇನ್ನೊಂದು ಸಲ ಹೇಳಿದಳು. ರಾಮಮಂದಿರದ ಮೆಟ್ಟಿಲ ಹತ್ತಿರ ಹೊಟ್ಟೆನೋವಿನ ನೆಪ ಹೇಳಿ ಮನೆಗೆ ಹೋಗಿಬಿಡೋಣ ಎಂದೂ ಬೇಡಿಕೊಂಡಳು. ಅವನು ತಿರುಗಿ ನೋಡಲಿಲ್ಲ.

ಅಂಗಳದಲ್ಲಿ ಇಡೀ ಬೀದಿ ನೆರೆದಿತ್ತು. ಮುಂದಿನ ಸಾಲಿನಲ್ಲಿ ಮಂಚಯ್ಯ, ಮದುವೆಮನೆಯ ಊಟಕ್ಕೆ ಬಂದವನಂತೆ ಕಾಲು ಚಾಚಿ ಕೂತಿದ್ದ. ಅವನ ಪಕ್ಕದಲ್ಲಿ, ಎಲ್ಲ ಕೆಡಿಸಿದ ಮುಕ್ತಿಯಾರ್ ಸ್ನೇಹಿತನಿಗೆ ಧೈರ್ಯ ತುಂಬಲು ಹೆಬ್ಬೆರಳು ತೋರಿಸುತ್ತಿದ್ದ. ಸ್ಟೂಲಿನ ಮೇಲಿನ ಹಿತ್ತಾಳೆ ತಟ್ಟೆಯಲ್ಲಿ ಶಾಲು. ಅನಂತರಾಜು ಅದನ್ನೊಮ್ಮೆ ನೋಡಿ ಅಂಗಿಯ ತೋಳು ಮಡಚಿದ.

ಶುರುವೇನೋ ಚೆನ್ನಾಗಿಯೇ ಆಯಿತು. ಸಕ್ಕರೆ ಕುದಿಸಿ, ಹಾಲು ಹಾಕಿ, ಮೇಲೆ ಬಂದ ಕೊಳೆಯನ್ನು ತೆಗೆದು ಸೋಸಿದ. ಮರದ ಅಚ್ಚಿನ ಎರಡು ಹೋಳನ್ನು ಜೋಡಿಸಿ ದಾರ ಸುತ್ತಿ ಕಟ್ಟಿದ ರೀತಿಗೆ ಹೆಂಗಸರೇ ತಲೆದೂಗಿದರು. ಇದು ಪಳಗಿದ ಕೈಯೇ ಎಂದು ಕಾವೇರಮ್ಮನಿಗೂ ಅನುಮಾನ ಹುಟ್ಟಿತು. ಅಷ್ಟಕ್ಕೆ ಅನಂತರಾಜುವಿನ ಬಾಯಿ ಸಡಿಲವಾಯಿತು. ಎಳೆ ಎಂದರೇನು, ನಯ ಎಂದರೇನು, ಒಳ್ಳೆಯ ನೂಲಿಗೂ ಒಳ್ಳೆಯ ಪಾಕಕ್ಕೂ ಇರುವ ನೆಂಟಸ್ತಿಕೆ ಏನು ಎಂದು ಭಾಷಣ ಮಾಡುತ್ತ, ನಿಂಬೆಹಣ್ಣು ಹಿಂಡಿ, ಸೌಟು ಎತ್ತಿ ಉದ್ದನೆಯ ಎಳೆ ತೋರಿಸಿದ. ಸೌಮ್ಯ ಕಣ್ಣು ಮುಚ್ಚಿಕೊಂಡಳು.

ಪಾಕ ಹುಯ್ದು, ತಣಿಯಲು ಬಿಟ್ಟು, ದಾರ ಬಿಚ್ಚಿದ. ಗಿಳಿ ಬಂತು. ಒಂದು ಕ್ಷಣ ಗಿಳಿಯಂತೆಯೇ ನಿಂತಿತ್ತು. ಆಮೇಲೆ ತಲೆ ತಗ್ಗಿಸಿತು. ಕೊಕ್ಕು ಎದೆಗೆ ಅಂಟಿ, ಎದೆ ಹೊಟ್ಟೆಗೆ ಇಳಿದು, ಹೊಟ್ಟೆ ತಟ್ಟೆಯ ತುಂಬ ಹರಡಿಕೊಂಡಿತು. ಆನೆ ಮೊದಲು ಮಂಡಿಯೂರಿತು, ಬಳಿಕ ಮಲಗಿತು. ತುಳಸಿಕಟ್ಟೆ ಅಚ್ಚಿನಿಂದ ಹೊರಗೆ ಬರಲೇ ಇಲ್ಲ.

ಅನಂತರಾಜು ಬೆವರು ಒರೆಸಿಕೊಂಡು, ಗಾಬರಿಪಡಬೇಡಿ, ಇದು ಮೊದಲು ಹೀಗೇ ಇರುವುದು, ಬಟ್ಟೆ ಮುಚ್ಚಿ ಬೆಳಗಿನವರೆಗೆ ಬಿಡಬೇಕು, ಯಾರೂ ಇಣುಕಬಾರದು ಎಂದ.

“ಯಾಕಪ್ಪ, ಕಾವು ಕೂತು ಮರಿ ಮಾಡ್ತದಾ?” ಎಂದ ಮಂಚಯ್ಯ. ಅಂಗಳವೆಲ್ಲ ಗೊಳ್ಳೆಂದಿತು.

ಒಲೆಯ ಉರಿ ಸರಿಯಿಲ್ಲ, ಸಂಘದ ಸಕ್ಕರೆ ಹಳೆಯದು ಎಂದು ಅನಂತರಾಜು ತೊದಲಿದ. ಕುಣಿಲಾರದೋಳು ನೆಲ ಡೊಂಕು ಅಂದ್ಲಂತೆ ಎಂದು ಹಿಂದಿನಿಂದ ಯಾರೋ ಅಂದರು. ಕೊನೆಗೆ ಅವನು ಹೆಂಡತಿಯ ಕಡೆ ತಿರುಗಿದ.

“ನೀನಾದ್ರೂ ಹೇಳೇ ಸೌಮ್ಯ. ಇಷ್ಟು ವರ್ಷ ಅಚ್ಚು ಮಾಡಿದ್ದು ನಾನು ತಾನೆ?”

ಸೌಮ್ಯ ಎದ್ದು ನಿಂತಳು. ಗಂಡನನ್ನು ನೋಡಿದಳು, ತಟ್ಟೆಯಲ್ಲಿ ಮಲಗಿದ್ದ ಆನೆಯನ್ನು ನೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಒಲೆಯ ಮುಂದೆ ಬಂದಳು. ಪಾಕವನ್ನು ಹರಳುಗಟ್ಟಲು ಬಿಡದ ನಿಂಬೆಹಣ್ಣನ್ನು ದೂರ ಸರಿಸಿದಳು. ಬೇರೆ ಸಕ್ಕರೆ, ಬೇರೆ ಹಾಲು. ಎಳೆಗಿಳೆ ಎಂದು ಕಾಯದೆ, ಪಾಕ ಬಲಿತು ಮಂಕಾಗಿ ಹರಳು ಕಟ್ಟುವವರೆಗೆ ಬಿರಬಿರನೆ ತಿರುವಿ, ಸರಸರನೆ ಹುಯ್ದಳು. ದಾರ ಬಿಚ್ಚಿದಾಗ ಗಿಳಿ ಬಂತು, ಆನೆ ಬಂತು, ಮೆಟ್ಟಿಲ ಸಮೇತ ತುಳಸಿಕಟ್ಟೆ ಬಂತು. ಉಗುರಲ್ಲಿ ತಟ್ಟಿದಳು. ಟಿಣ್ ಎಂದಿತು.

ಚಪ್ಪಾಳೆಯೋ ಚಪ್ಪಾಳೆ. ಕಾವೇರಮ್ಮ ಶಾಲು ಹೊದಿಸಿದಳು. ಸೋಸೋದು, ಅಚ್ಚು ಕಟ್ಟೋದು ಎಲ್ಲಾ ನಮ್ಮೆಜಮಾನ್ರೇ ಮಾಡೋದು ಎಂದು ಸೌಮ್ಯ ಮೈಕಿನಲ್ಲಿ ಹೇಳಿದ್ದಕ್ಕೆ, ಇಂಥ ಸುಳ್ಳುಗಾರ ಗಂಡನನ್ನೂ ಬಿಟ್ಟುಕೊಡದ ಮಹಾತಾಯಿ ಎಂದು ಹೆಂಗಸರು ಕಣ್ಣೀರು ಹಾಕಿದರು. ಅವಳ ಕೈಯ ಅಚ್ಚೇ ಬೇಕೆಂದು ಅಲ್ಲಿಂದಲ್ಲಿಗೇ ಮನೆಮನೆಯಿಂದ ಸಕ್ಕರೆ ಪೊಟ್ಟಣಗಳೂ ಬಂದವು. ಅವನ್ನು ಹೊತ್ತು ತರುವ ಭಾಗ್ಯ ಅನಂತರಾಜುವಿನದಾಯಿತು.

ಮನೆಗೆ ಬಂದು ಸಕ್ಕರೆಯ ಚೀಲ ಇಳಿಸಿದವನು ನೆಲದ ಮೇಲೆ ಕುಸಿದು ಕೂತ.

“ಇದ್ನ ಯಾವಾಗ ಕಲ್ತೆ?”

“ಮದ್ವೆಗೆ ಮುಂಚೇನೇ ಬತ್ತಿತ್ತು. ನಮ್ಮವ್ವ ಹೇಳ್ಕೊಟ್ಟಿದ್ರು.”

“ಮತ್ತೆ ಗೊತ್ತಿಲ್ಲ ಅಂದೆಯಲ್ಲ?”

“ನಾನೆಲ್ಲಿ ಅಂದೆ? ನಿಂಗ್ ಗೊತ್ತಾಗಕಿಲ್ಲ ಬುಡು ಅಂತ ನೀವೇ ಸೌಟು ಕಿತ್ಕೊಂಡ್ರಿ.”

ಸೌಮ್ಯ ಎಲ್ಲವನ್ನೂ ಬಿಡಿಸಿ ಹೇಳಿದಳು. ಮದುವೆಯಾದ ಆ ವರ್ಷ ಅವಳು ಬೆಳಗಿನ ಜಾವ ಎದ್ದು ಬಟ್ಟೆ ತೆಗೆದು ನೋಡಿದರೆ ತಟ್ಟೆಯ ತುಂಬ ಅಂಟು. ಗಂಡ ಏಳುವ ಮುಂಚೆ ಅಷ್ಟನ್ನೂ ಕಸಕ್ಕೆ ಸುರಿದು, ಹೊಸದಾಗಿ ಪಾಕ ಮಾಡಿ, ಹುಯ್ದು, ಜೋಡಿಸಿ, ಮತ್ತೆ ಬಟ್ಟೆ ಮುಚ್ಚಿ ಮಲಗಿದ್ದಳು. ಅವನು ಎದ್ದು ಹಿಗ್ಗಿದ್ದನ್ನು ನೋಡಿ ಹೇಳುವ ಮನಸ್ಸು ಬರಲಿಲ್ಲ. ಆಮೇಲೆ ಪ್ರತಿವರ್ಷವೂ ಹಾಗೇ ನಡೆದುಕೊಂಡು ಬಂತು.

“ಒಂದ್ ಸಲನಾದ್ರೂ ಹೇಳ್ಬೋದಿತ್ತಲ್ಲೇ,” ಎಂದ ಕೊನೆಗೆ.

“ಹೇಳಿದ್ರೆ ಅಚ್ಚು ನೆನೆಹಾಕೋದು, ದಾರ ಕಟ್ಟೋದು, ಅಂಟಾದ ಪಾತ್ರೆ ಉಜ್ಜೋದು ಎಲ್ಲಾ ನನ್ ತಲೆ ಮ್ಯಾಲೇ ಬೀಳ್ತಿತ್ತು.” ಸೌಮ್ಯ ಶಾಲನ್ನು ಮಡಚಿ ಬೀರುವಿನಲ್ಲಿ ಇಟ್ಟಳು.

ಅನಂತರಾಜುವಿಗೆ ಅಳು ಬರುವುದೊಂದು ಬಾಕಿ. ತನ್ನ ಕೈಯ ಅಚ್ಚು ಇಷ್ಟು ವರ್ಷದಲ್ಲಿ ಒಂದೇ ಒಂದಾದರೂ ಯಾರ ಬಾಯಿಗಾದರೂ ಹೋಗಿದೆಯೇ ಎಂದು ಸಣ್ಣ ದನಿಯಲ್ಲಿ ಕೇಳಿದ.

“ಹೋಗೈತೆ. ಮೂರನೇ ವರ್ಷ ನಂಗೆ ಜ್ವರ ಬಂದು ಜಾವಕ್ಕೆ ಏಳಾಕಾಗ್ಲಿಲ್ಲ. ಹಿಂದಿನ್ ದಿನ ಬಂದಿದ್ದ ನಿಮ್ಮ ಭಾವ ಕತ್ಲಲ್ಲೇ ಎದ್ದು, ಬಟ್ಟೆನೂ ತೆಗೀದೆ ತಟ್ಟೆ ಸಮೇತ ವಿರೂಪಾಕ್ಷಿಪುರಕ್ಕೆ, ನಿಮ್ಮಕ್ಕನ ಮನೆಗೆ ತಗೊಂಡೋದ್ರು.”

ಅನಂತರಾಜು ತಲೆಯೆತ್ತಿದ. ಅವನ ಮುಖದಲ್ಲಿ ಒಂದು ಚೂರು ಜೀವ ಬಂದಿತ್ತು.

“ಅಕ್ಕ ಏನಂದ್ಲು?”

“ಅವರೇನ್ ಅಂದಾರು. ನಂಗೆ ಶುಗರ್ ಐತೆ, ಇನ್ಮೇಲೆ ಅಚ್ಚು ಕಳಿಸ್ಬ್ಯಾಡಿ ಅಂತ ಯೋಳ್ತಾರಲ್ಲ, ಅದು ಅವತ್ತಿಂದ. ಯುಗಾದಿ ಒಬ್ಬಟ್ಟು ತಿನ್ನುವಾಗ ಯಾವ ಶುಗರೂ ಇರಾಕಿಲ್ಲ.”

ಅನಂತರಾಜು ಅಂಗಿಯ ತೋಳು ಮಡಚಿದ. ಆಮೇಲೆ ಎದ್ದು ಹೋಗಿ ಅಚ್ಚು ನೆನೆಹಾಕಿದ.