ಸ್ಟೇರಿಂಗ್ ಬಿಟ್ಟು ಸೌಟು ಹಿಡಿದೆ

ಜ್ವರ ಬಂದು ಮಲಗಿದ ಗಂಡನಿಗೆ ಹೆಂಡತಿ ಗಂಜಿ ಬೇಯಿಸಿ ಕೊಡುವುದು ಲೋಕರೂಢಿ. ನಮ್ಮ ಮನೆಯಲ್ಲಿ ಮಾತ್ರ ಜ್ವರ ಬಂದ ಗಂಡನೇ ಕಂಬಳಿ ಹೊದ್ದು, ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದು, "ದಯವಿಟ್ಟು ಆಚೆ ಹೋಗು, ನಾನಿನ್ನೂ ಸ್ವಲ್ಪ ದಿನ ಬದುಕಬೇಕು" ಎಂದು ಕೈಮುಗಿದು, ತನ್ನ ಗಂಜಿ ತಾನೇ ಬೇಯಿಸಿಕೊಂಡ. (ಬೇಯಿಸಿಕೊಂಡರು ಎನ್ನಬೇಕಿತ್ತು. ಸಿಟ್ಟಿನಲ್ಲಿ ನನಗೆ ಬಹುವಚನ ಬರುವುದಿಲ್ಲ, ಕ್ಷಮಿಸಿ.) ಅದಕ್ಕೆ ಮುಂಚೆ ನಾನು ಬೇಯಿಸಿದ್ದ ಗಂಜಿ ಏನಾಯಿತು ಎಂದು ಕೇಳಬೇಡಿ. ಆ ಪಾತ್ರೆಯಲ್ಲಿ ಈಗ ತುಳಿದರೂ ಸಾಯದಂಥ ಒಂದು ಗಿಡ ನೆಟ್ಟಿದ್ದೇವೆ.

ವಿಷಯ ಇಷ್ಟೇ. ನಾನು ಬಸ್ ಡ್ರೈವರು. ಮಾರುಕಟ್ಟೆ ಬೀದಿಯ ಸಂದಿಯಲ್ಲಿ ಅಷ್ಟುದ್ದದ ಬಸ್ಸನ್ನು ಸೂಜಿಗೆ ದಾರ ಪೋಣಿಸಿದ ಹಾಗೆ ನುಗ್ಗಿಸಬಲ್ಲೆ. ನಮ್ಮವರು ದೊಡ್ಡಾಸ್ಪತ್ರೆಯ ಕ್ಯಾಂಟೀನಿನಲ್ಲಿ ಮುಖ್ಯ ಅಡುಗೆಯವರು. ಮದುವೆಯಾದ ಹೊಸತರಲ್ಲೇ "ನೀನು ರಸ್ತೆ ನೋಡ್ಕೋ, ನಾನು ಒಲೆ ನೋಡ್ಕೋತೀನಿ" ಎಂದು ಇಲಾಖೆ ಹಂಚಿಕೆಯಾಯಿತು. ನಾನೂ ಹಾಯಾಗಿದ್ದೆ. ಕೂತು ಉಣ್ಣುವವರಿಗೆ ಕುಡಿಕೆ ಹೊನ್ನೂ ಸಾಲದು ಅಂತಾರೆ, ನನಗೆ ಸಾಲುತ್ತಿತ್ತು.

ಆದರೆ ಹೈಸ್ಕೂಲಿನಲ್ಲಿರುವ ನನ್ನ ಮಗಳು, ಹೊಟ್ಟೆಯಲ್ಲಿ ಹುಟ್ಟಿದ ಮಗಳು, ಶಾಲೆಯ ಭಾಷಣ ಸ್ಪರ್ಧೆಯಲ್ಲಿ "ನಾನು ಕಂಡ ಸಾಹಸ" ಎಂಬ ವಿಷಯಕ್ಕೆ ಈ ಗಂಜಿ ಪ್ರಸಂಗವನ್ನೇ ಆರಿಸಿಕೊಂಡಳು. ಜ್ವರದಲ್ಲಿ ನಡುಗುತ್ತಾ ಒಲೆಯತ್ತ ಹೆಜ್ಜೆ ಹಾಕಿದ ಅಪ್ಪನನ್ನು ಅವಳು ವರ್ಣಿಸಿದ ಪರಿಗೆ ಹೆಡ್‌ಮಾಸ್ಟರು ಕಣ್ಣೊರೆಸಿಕೊಂಡರು. ಮೊದಲ ಬಹುಮಾನ! ಪೋಷಕರ ಸಾಲಿನಲ್ಲಿ ಕೂತು ನಾನೂ ಚಪ್ಪಾಳೆ ತಟ್ಟಬೇಕಾಯಿತು.

ಅವತ್ತೇ ತೀರ್ಮಾನ ಮಾಡಿದೆ. ನಮ್ಮ ಡಿಪೋ ಹಿಂದಿನ ಸಮುದಾಯ ಭವನದಲ್ಲಿ ಪ್ರತಿ ಭಾನುವಾರ ಅಡುಗೆ ತರಗತಿ ನಡೆಯುತ್ತಿತ್ತು. ಏನೇನೂ ಬಾರದವರಿಗೆ, ಕೈಯಲ್ಲೇ ಮಾಡಿಸಿ ಕಲಿಸುವಂಥದ್ದು. ಮನೆಯಲ್ಲಿ "ಭಾನುವಾರವೂ ಡ್ಯೂಟಿ ಹಾಕಿದಾರೆ ರೀ" ಎಂದು ನಿಟ್ಟುಸಿರುಬಿಟ್ಟು ಹೋಗಿ ಸೇರಿದೆ.

ಕಲಿಸುವ ಮೇಡಂ ಅಗಲವಾದ ಹೆಂಗಸು, ಮಾತು ಕಮ್ಮಿ, ಕೈಯಲ್ಲಿ ಸದಾ ಮರದ ಸೌಟು. ಚಾಕು ತಪ್ಪಾಗಿ ಹಿಡಿದರೆ ಸೌಟು ಬಂದು ಬೆರಳ ಗೆಣ್ಣಿನ ಮೇಲೆ ಕೂರುತ್ತಿತ್ತು. ನನ್ನ ಪಕ್ಕದ ಮೇಜಿನಲ್ಲಿ ಒಬ್ಬ ಟೈಲರಣ್ಣ. ಟೇಪು ಹಿಡಿದು ಕ್ಯಾರೆಟ್ಟಿಗೆ ಅಳತೆ ತೆಗೆದು ಕತ್ತರಿಸುತ್ತಿದ್ದ ಮಹಾನುಭಾವ. ನಾನು ಕತ್ತರಿಸಿದ ಕ್ಯಾರೆಟ್ಟು ಅಪಘಾತದ ಸ್ಥಳದಲ್ಲಿ ಬಿದ್ದ ಗಾಜಿನ ಹಾಗಿರುತ್ತಿತ್ತು.

ಮೊದಲ ವಾರ ಈರುಳ್ಳಿ ಕಪ್ಪಾಯಿತು. ಎರಡನೇ ವಾರವೂ ಕಪ್ಪಾಯಿತು. "ಈ ಒಲೆನೇ ಸರಿಯಿಲ್ಲ ಮೇಡಂ" ಎಂದೆ. (ಅಡುಗೆ ಬಾರದವಳಿಗೆ ಒಲೆ ಡೊಂಕು.)

ಮೇಡಂ ಬಾಣಲೆ ನೋಡಿದರು, ನನ್ನನ್ನು ನೋಡಿದರು. "ಏನು ಕೆಲಸ ಮಾಡ್ತೀರಿ?"

"ಬಸ್ ಓಡಿಸ್ತೀನಿ."

"ಬಸ್ಸು ಸ್ಟಾರ್ಟ್ ಮಾಡಿದ ಕೂಡ್ಲೇ ಟಾಪ್ ಗೇರಿಗೆ ಹಾಕ್ತೀರಾ?"

"ಅಯ್ಯೋ, ಎಲ್ಲಾದ್ರೂ ಉಂಟಾ! ಗಕ್ಕಂತ ನಿಂತುಹೋಗತ್ತೆ."

"ಮತ್ತೆ ಈ ಈರುಳ್ಳಿ ನಿಮಗೇನು ಪಾಪ ಮಾಡಿತ್ತು? ಉರಿ ಸಣ್ಣ ಮಾಡಿ."

ಉರಿ ಸಣ್ಣ ಮಾಡಿದೆ. ಒಲೆಯದೂ, ಹೊಟ್ಟೆಯದೂ. ಈರುಳ್ಳಿ ನಿಧಾನಕ್ಕೆ ಮೆತ್ತಗಾಗಿ, ಅಂಚಿನಲ್ಲಿ ಹೊಂಬಣ್ಣ ತಿರುಗಿ, ಒಂದು ಸಿಹಿ ಪರಿಮಳ ಎದ್ದಿತು ನೋಡಿ! ನನ್ನ ಕೈಯಿಂದ ಹೊಗೆ ಬಿಟ್ಟು ಬೇರೇನಾದರೂ ಎದ್ದದ್ದು ಅದೇ ಮೊದಲು. ಕಣ್ಣಲ್ಲಿ ನೀರು ಬಂತು. ಟೈಲರಣ್ಣ "ಈರುಳ್ಳಿ ಹೆಚ್ಚಿದ್ರೆ ಹಾಗೇ ಅಕ್ಕಾ" ಎಂದು ಸಮಾಧಾನ ಹೇಳಿದ. ಹೆಚ್ಚಿ ಬಹಳ ಹೊತ್ತಾಗಿತ್ತು ಎಂದು ನಾನು ಹೇಳಲಿಲ್ಲ.

ಆಮೇಲೆ ಉಪ್ಪಿನ ಪಾಠ. ಉಪ್ಪಿಗಿಂತ ರುಚಿಯಿಲ್ಲ ಎಂಬ ಗಾದೆಯನ್ನು ನನ್ನ ಮೊದಲ ತರಕಾರಿ ಸೂಪು ಅಕ್ಷರಶಃ ಪಾಲಿಸಿತ್ತು; ಅದರಲ್ಲಿ ಉಪ್ಪು ಬಿಟ್ಟು ಬೇರೆ ರುಚಿಯೇ ಇರಲಿಲ್ಲ. "ಸ್ಟಾಪು ಬಂದಾಗೆಲ್ಲ ನಿಲ್ಲಿಸ್ತೀರಲ್ಲ, ಹಾಗೆ ಒಂದೊಂದು ಪದಾರ್ಥ ಹಾಕಿದಾಗಲೂ ನಿಲ್ಲಿಸಿ ರುಚಿ ನೋಡಿ" ಎಂದರು ಮೇಡಂ. ನೋಡುತ್ತಾ ಹೋದೆ. ಮೊಟ್ಟೆ ಬೆಂದಿತು, ಅನ್ನ ಉದುರುದುರಾಯಿತು, ಆಮ್ಲೆಟ್ಟು ಹರಿಯದೆ ಮಗುಚಿಕೊಂಡಿತು. ಬಸ್ಸಿನಲ್ಲಿ ಕೂತು ಹಾರ್ನ್ ಬಾರಿಸುವಾಗಲೂ ನನ್ನ ತಲೆಯಲ್ಲಿ ಸೂಪು ಕುದಿಯುತ್ತಿತ್ತು.

ಕೊನೆಯ ಭಾನುವಾರ ಪರೀಕ್ಷೆ. ಎಲ್ಲರೂ ಸೂಪು ಮಾಡಬೇಕು, ಹೊರಗಿನಿಂದ ಬರುವ ತೀರ್ಪುಗಾರರು ಪಕ್ಕದ ಕೋಣೆಯಲ್ಲಿ ಕೂತು ರುಚಿ ನೋಡುತ್ತಾರೆ. ಬಟ್ಟಲ ಮೇಲೆ ಹೆಸರಿಲ್ಲ, ಬರೀ ನಂಬರು. ನನ್ನದು ಏಳು. ತಲೆಗೆ ಟೋಪಿ, ಮೂಗಿಗೆ ಮಾಸ್ಕು ಕಟ್ಟಿ ಯುದ್ಧಕ್ಕಿಳಿದೆ. ಸೂಪು ಮುಗಿಯಿತು, ರುಚಿ ನೋಡಿದೆ. ಎಲ್ಲಾ ಸರಿಯಿದೆ, ಆದರೂ ನಾಲಿಗೆಗೆ ಏನೋ ಚುಚ್ಚುತ್ತಿದೆ. ಟೊಮೆಟೊ ಹುಳಿ ಜಾಸ್ತಿಯಾಗಿರಬೇಕು ಅನ್ನಿಸಿತು. ಯಾರೂ ಹೇಳಿಕೊಡದಿದ್ದರೂ ಒಂದು ತುಣುಕು ಬೆಣ್ಣೆ ಹಾಕಿ ಒಲೆ ಆರಿಸಿಬಿಟ್ಟೆ.

ಬಟ್ಟಲುಗಳು ಒಳಗೆ ಹೋದವು. ನಾವೆಲ್ಲ ಹೆರಿಗೆ ವಾರ್ಡಿನ ಹೊರಗೆ ನಿಂತ ಗಂಡಂದಿರ ಹಾಗೆ ಶತಪಥ ಹಾಕಿದೆವು. ಬಾಗಿಲು ತೆರೆಯಿತು. ಇಸ್ತ್ರಿ ಮಾಡಿದ ಬಿಳಿ ಕೋಟು ಹಾಕಿಕೊಂಡು, ಮೀಸೆ ತೀಡುತ್ತಾ ತೀರ್ಪುಗಾರರು ಹೊರಬಂದರು.

ನಮ್ಮವರು!

ಟೈಲರಣ್ಣನ ಬೆನ್ನ ಹಿಂದೆ ಅಡಗಿಕೊಂಡೆ.

"ಏಳನೇ ನಂಬರು!" ಎಂದರು ಗಂಭೀರವಾಗಿ. "ಇಷ್ಟು ವರ್ಷ ಒಲೆ ಮುಂದೆ ಬೆಂದವನು ನಾನು. ಇದು ಕಲಿತ ಕೈ ಅಲ್ಲ, ಹುಟ್ಟಿದ ಕೈ. ಇಂಥವರು ನನ್ನ ಮನೆಯಲ್ಲಿದ್ದಿದ್ರೆ ನಾನು ಒಲೆ ಕಡೆ ತಲೆ ಹಾಕಿಯೂ ಮಲಗ್ತಿರಲಿಲ್ಲ. ಆದ್ರೆ ನನ್ನ ಹಣೆಬರಹ ನೋಡಿ. ನಮ್ಮನೆಯವಳು ನೀರು ಕಾಯಿಸಿದ್ರೂ ಸೀದುಹೋಗತ್ತೆ!"

ಸಭೆ ಬಿದ್ದು ಬಿದ್ದು ನಕ್ಕಿತು.

"ಯಾರಮ್ಮಾ ಅದು? ಮುಂದೆ ಬನ್ನಿ, ಸಂಕೋಚ ಬೇಡ."

ಬನ್ನಿ! ಮದುವೆಯಾದ ಮೇಲೆ ಈ ಮನುಷ್ಯನ ಬಾಯಿಂದ ನನಗೆ ಸಿಕ್ಕ ಮೊಟ್ಟಮೊದಲ ಬಹುವಚನ. ಗಜಗಮನದಲ್ಲಿ ಮುಂದೆ ಹೋಗಿ, ಟೋಪಿ ತೆಗೆದು, ಮಾಸ್ಕು ಇಳಿಸಿದೆ.

"ನಾನೇ ಸಾರ್. ನೀರು ಸೀಯಿಸೋಳು."

ಮೀಸೆ ತೀಡುತ್ತಿದ್ದ ಕೈ ಅಲ್ಲೇ ನಿಂತಿತು. "ನೀ... ನೀವು... ನೀನಾ? ಭಾನುವಾರ ಡ್ಯೂಟಿ ಅಂದಿದ್ಯಲ್ಲೇ?"

"ಡ್ಯೂಟಿನೇ ರೀ. ರೂಟು ಬೇರೆ."

ಚಪ್ಪಾಳೆ ಶುರುವಾಯಿತು. ಮಾತು ಕಮ್ಮಿಯ ಮೇಡಂ ಸೌಟಿನಿಂದ ಮೇಜು ಬಡಿದು ಸಂಭ್ರಮಿಸಿದರು. ನಮ್ಮವರು ಅದ್ಯಾವುದನ್ನೂ ಕೇಳಿಸಿಕೊಳ್ಳಲಿಲ್ಲ. ಒಳಗೆ ಹೋಗಿ ನನ್ನ ಬಟ್ಟಲು ತಂದು, ಇನ್ನೊಂದು ಚಮಚ ಬಾಯಿಗಿಟ್ಟು, ಕಣ್ಣು ಮುಚ್ಚಿದರು.

"ಕೊನೇಲಿ ಬೆಣ್ಣೆ ಹಾಕಿದ್ದು ಯಾರು ಹೇಳಿಕೊಟ್ಟಿದ್ದು?"

"ಯಾರೂ ಇಲ್ಲ. ನಾಲಿಗೆ ಹೇಳ್ತು, ಹಾಕಿದೆ."

"ಹೂಂ" ಎಂದರು. ಮತ್ತೊಂದು ಚಮಚ. ಇನ್ನೂ ಒಂದು. ಅಷ್ಟು ಜನರ ನಡುವೆ ನಿಂತುಕೊಂಡೇ ಬಟ್ಟಲು ಎತ್ತಿ, ತಳ ಕಾಣುವವರೆಗೂ ಕುಡಿದರು. ಬಹುಮಾನವೆಂದು ನನಗೊಂದು ಹೊಸ ಬಾಣಲೆ ಕೊಟ್ಟರು. ಆದರೆ ನಿಜವಾದ ಬಹುಮಾನ ಆ ಖಾಲಿ ಬಟ್ಟಲು ಎಂದು ಯಾರಿಗೆ ಹೇಳಲಿ?

ಸಾಯಂಕಾಲ ಮನೆಯಲ್ಲಿ ಮತ್ತೆ ಅದೇ ಸೂಪು ಮಾಡಿದೆ. ಮಗಳು ಮೊದಲು ಮೂಸಿದಳು, ಆಮೇಲೆ ಅಪ್ಪನ ಮುಖ ನೋಡಿದಳು, ಆಮೇಲೆ ಮೂರು ಸಲ ಬಡಿಸಿಕೊಂಡಳು. "ಅಮ್ಮಾ, ಮುಂದಿನ ಭಾಷಣಕ್ಕೆ ನೀನೇ!" ಎಂದಳು. ನಾನು ನೆಲದ ಮೇಲಿರಲಿಲ್ಲ.

ನೆಲಕ್ಕೆ ಇಳಿದದ್ದು ಮರುದಿನ. ಡಿಪೋದಿಂದ ಮನೆಗೆ ಬಂದರೆ ಒಲೆ ತಣ್ಣಗಿದೆ, ನಮ್ಮವರು ಸೋಫಾದ ಮೇಲೆ ಕಾಲು ಚಾಚಿದ್ದಾರೆ.

"ಏನ್ರೀ, ಅಡುಗೆ?"

"ತುಂಬಿದ ಸಭೆಯಲ್ಲಿ ಮಾತು ಕೊಟ್ಟಿದೀನಲ್ಲ. ಇಂಥವರು ಮನೆಯಲ್ಲಿದ್ರೆ ಒಲೆ ಕಡೆ ತಲೆ ಹಾಕಿಯೂ ಮಲಗಲ್ಲ ಅಂತ. ಅದಕ್ಕೇ ನೋಡು, ತಲೆ ಈ ಕಡೆ ಹಾಕಿದೀನಿ."

ಜಗಳವಾಡಿದೆ, ಕಣ್ಣೀರು ಸುರಿಸಿದೆ, ಮುಷ್ಕರದ ಬೆದರಿಕೆ ಹಾಕಿದೆ. ಹೊಗಳಿಯೇ ಗೆದ್ದುಬಿಟ್ಟರು. "ನಾನು ಮಾಡಬಹುದು ಕಣೇ, ಆದ್ರೆ ನಿನ್ನ ಕೈರುಚಿ ಎಲ್ಲಿಂದ ತರಲಿ?" ಎಂದರೆ ಯಾವ ಹೆಣ್ಣು ತಾನೇ ಸೌಟು ಕೆಳಗಿಟ್ಟಾಳು?

ಈಗ ನಮ್ಮವರು ನನ್ನನ್ನು ಪ್ರೀತಿಯಿಂದ ನಂಬರಿನಲ್ಲೇ ಕರೆಯುತ್ತಾರೆ. ಬೆಳಕು ಹರಿಯುವ ಮುಂಚೆ ಕಂಬಳಿಯೊಳಗಿನಿಂದ "ಏಳು" ಎಂಬ ದನಿ ಬರುತ್ತದೆ. ಕರೆದದ್ದೋ, ಎಬ್ಬಿಸಿದ್ದೋ, ನನಗಿನ್ನೂ ಗೊತ್ತಾಗಿಲ್ಲ. ಎರಡಾದರೂ ನಾನು ಮಾಡುವುದು ಒಂದೇ: ಎದ್ದು ಹೋಗಿ ಒಲೆ ಹಚ್ಚುವುದು.